ಹುಲ್ಲುಮೆದೆಯ ಹಿಂದಿನ ಹೆಂಗಸು

"ಆಕಾಶ ಉಜ್ಕೊಳ್ಳಿ, ಹೇಸರಗತ್ತೆ ಉಜ್ಕೊಳ್ಳಿ, ಆಳುಗಳ ಮುಖ ಉಜ್ಕೊಳ್ಳಿ. ಆ ಹುಲ್ಲುಮೆದೆ ಮಾತ್ರ ಮುಟ್ಬೇಡಿ" ಎಂದಳು ಕಿತೇರಿಯಾ ಮುದುಕಿ.

ಫೆರಿಯೋಲ್ ನಕ್ಕುಬಿಟ್ಟ. "ಯಾಕಜ್ಜಿ, ಒಳಗೆ ಕೋಳಿ ಮೊಟ್ಟೆ ಇಟ್ಟಿದ್ಯಾ?"

ಮುದುಕಿ ನಗಲಿಲ್ಲ.

ಹಳೆಯ ತೈಲಚಿತ್ರಗಳ ಕೊಳೆ ತೆಗೆಯುವುದರಲ್ಲಿ ಬಾರ್ಸಿಲೋನಾದಲ್ಲಿ ಫೆರಿಯೋಲನ ಕೈಗೆ ಹೆಸರಿತ್ತು. ಸೆಗಾರಾದ ಗೋಧಿ ಸೀಮೆಯ ಈ ಒಂಟಿ ಮನೆಗೆ ಅವನು ಬಂದದ್ದು ಒಂದೇ ಒಂದು ಚಿತ್ರಕ್ಕಾಗಿ. ಈ ಸೀಮೆಯಲ್ಲೇ ಹುಟ್ಟಿ ಈ ಸೀಮೆಯನ್ನೇ ಬರೆದು ಸತ್ತ ಬಾಲ್ದಿರಿ ತೊರ್ರಾ ಎಂಬಾತ ಬಿಡಿಸಿದ ಒಕ್ಕಣೆಯ ಚಿತ್ರ ಅದು. ಉರಿಬಿಸಿಲಿನ ಕಣ, ಸುತ್ತುತ್ತಿರುವ ಹೇಸರಗತ್ತೆಗಳು, ಗಾಡಿಯ ನೆರಳಲ್ಲಿ ಬ್ರೆಡ್ಡು ಮುರಿಯುತ್ತಿರುವ ಆರು ಆಳುಗಳು. ಎಲ್ಲವೂ ಜೀವ ತುಂಬಿದ ಕೆಲಸ. ಬಲಗಡೆಯ ಹುಲ್ಲುಮೆದೆ ಮಾತ್ರ ಗೋಡೆಗೆ ಸಗಣಿ ಮೆತ್ತಿದಷ್ಟು ಒರಟು. ಅದು ಆಮೇಲೆ ಬಳಿದದ್ದು ಎಂದು ಮೊದಲ ನೋಟಕ್ಕೇ ಅವನಿಗೆ ಗೊತ್ತಾಗಿತ್ತು. ಅದರಡಿ ಏನೋ ಇದೆ. ಅದನ್ನು ಹೊರತೆಗೆದವನ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ.

"ಅದರ ಹಿಂದೆ ಸಾನ್ಸಾ ಇದ್ದಾಳೆ" ಎಂದಳು ಮುದುಕಿ, ಕೊರಳಿನ ಶಿಲುಬೆಯನ್ನು ಬೆರಳಲ್ಲಿ ಒತ್ತಿ ಹಿಡಿದು. "ತೆನೆ ಆಯ್ಕೊಂಡು ಬದುಕ್ತಿದ್ದೋಳು. ಕೊಯ್ಲಿಗೆ ಮೂರು ದಿನ ಇರೋವಾಗ ಆಲಿಕಲ್ಲು ಬಿತ್ತು. ಒಂದು ಕಾಳು ಉಳೀಲಿಲ್ಲ. ಯಾರು ಮಾಟ ಮಾಡಿ ತರಿಸಿದ್ದು, ಯಾರು, ಯಾರು ಅಂತ ಗಂಡಸ್ರು ಕುಡುಗೋಲು ಹಿಡ್ಕೊಂಡು ಕೂಗಿದ್ರು. ನಮ್ಮಮ್ಮ ಹೆದರಿ ಅವಳ ಕಡೆ ಬೆರಳು ತೋರಿಸಿದ್ಲು. ಹಿಂದಿನ ವರ್ಷದ ಹುಲ್ಲುಮೆದೆಯೊಳಗೆ ತುರುಕಿ ಬೆಂಕಿ ಇಟ್ರು. ತೊರ್ರಾ ಅಲ್ಲೇ ಕೂತು ಹಿಂದಿನ ವರ್ಷ ಶುರು ಮಾಡಿದ್ದ ಈ ಒಕ್ಕಣೆ ಚಿತ್ರ ಮುಗಿಸ್ತಿದ್ದ. ಕುಂಚ ಕೆಳಗಿಡ್ಲಿಲ್ಲ. ಅವಳ ಬೂದಿನೇ ಎಣ್ಣೇಲಿ ಅರೆದು ಇದರಲ್ಲೇ ಅವಳನ್ನ ಬರೆದ. ಆವತ್ತಿಂದ ಒಕ್ಕಣೆಗೊಬ್ರು ಹೊಟ್ಟು ಗಂಟಲಿಗೆ ಸಿಕ್ಕಿ ಸತ್ರು. ಕೊನೆಗೆ ಪಾದ್ರಿಗಳು ಬಂದು, ಅವನ ಕೈಲೇ ಮೆದೆ ಬಳಿಸಿ ಮುಚ್ಚಿಸಿದ್ರು."

"ಒಳ್ಳೆ ಕತೆ. ಇದನ್ನೇ ಚಿತ್ರದ ಪಕ್ಕ ಬರೆದು ಹಾಕೋಣ, ಜನ ಸಾಲುಗಟ್ಟಿ ಬರ್ತಾರೆ" ಎಂದ ಫೆರಿಯೋಲ್.

ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ತೆಕ್ಲಾ ಕಿಸಕ್ಕನೆ ನಕ್ಕಳು. ಮುದುಕಿಗೆ ಈ ಲೋಕದಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಇಪ್ಪತ್ತೆರಡರ ಹುಡುಗಿ, ನೀಲಿ ಮೇಲಂಗಿ, ಮೊಣಕೈವರೆಗೂ ಹಿಟ್ಟು.

ಮೂರು ದಿನ ಫೆರಿಯೋಲ್ ಆಕಾಶವನ್ನೂ ಆಳುಗಳನ್ನೂ ತೊಳೆದ. ನಾಲ್ಕನೆಯ ದಿನ ಮುದುಕಿ ಊರಲ್ಲಿ ಯಾರದೋ ಮಣ್ಣಿಗೆಂದು ಇಗರ್ಜಿಗೆ ಹೊರಟಳು. ಅವಳ ಕೋಲಿನ ಸದ್ದು ದೂರವಾಗುತ್ತಿದ್ದಂತೆ ಅವನು ಹೊಸ ಹತ್ತಿಯನ್ನು ಸೀಸೆಯಲ್ಲಿ ಅದ್ದಿದ.

"ತೆಕ್ಲಾ, ಕನ್ನಡಿ ತಗೊಂಡ್ಬಾ. ಕಿಟಕಿ ಹತ್ರ ನಿಂತು ಬಿಸಿಲನ್ನ ಈ ಮೆದೆ ಮೇಲೆ ಬಿಡು."

"ಅಜ್ಜಿಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾಳೆ."

"ಗೊತ್ತಾಗೋದ್ರೊಳಗೆ ನಿನ್ನ ಬಾರ್ಸಿಲೋನಾಗೆ ಕರ್ಕೊಂಡು ಹೋಗಿರ್ತೀನಿ."

"ಹೀಗೆ ಎಷ್ಟು ಹಳ್ಳೀಲಿ ಎಷ್ಟು ಜನಕ್ಕೆ ಹೇಳಿದೀರಿ?" ಎಂದಳು. ಆದರೂ ಕನ್ನಡಿ ತಂದಳು.

ನಡುಮಧ್ಯಾಹ್ನ. ಮುಚ್ಚಿದ ಕಿಟಕಿಯ ಸಂದಿಯಿಂದ ಒಂದೇ ಎಳೆ ಬಿಸಿಲು. ಹೊರಗೆ ಜೀರುಂಡೆಗಳ ಕೊರೆತ. ಟರ್ಪೆಂಟೈನಿನ ಘಾಟು, ಕೆಳಗಿನ ಕೊಟ್ಟಿಗೆಯ ಬೆಚ್ಚನೆಯ ಗಬ್ಬು. ಮೆದೆಯ ಹಳದಿ ಸುಲಭವಾಗಿ ಬಿಟ್ಟುಕೊಂಡಿತು, ಯಾರೋ ಒಳಗಿನಿಂದ ತಳ್ಳುತ್ತಿರುವ ಹಾಗೆ. ಹತ್ತಿಗೆ ಅಂಟಿದ್ದು ಕರ್ರಗೆ, ಜಿಡ್ಡುಜಿಡ್ಡಾಗಿ, ಬೆಚ್ಚಗಿತ್ತು.

ಮೊದಲು ಒಂದು ಕೈ ಬಂತು. ಆಮೇಲೆ ಕೊರಳು. ಆಮೇಲೆ ಬಾಯಿ, ಅಗಲಕ್ಕೆ ತೆರೆದದ್ದು.

"ಅಯ್ಯೋ, ಕಿರುಚ್ತಿದಾಳೆ" ಎಂದಳು ತೆಕ್ಲಾ. ಕನ್ನಡಿಯ ಬೆಳಕು ನಡುಗಿತು.

"ಹಾಡ್ತಿರ್ಬೇಕು. ಸರಿಯಾಗಿ ಹಿಡಿ."

ಅವನು ಕೆಮ್ಮಿದ. ನಾಲಿಗೆಯ ಮೇಲೆ ಏನೋ ಚುಚ್ಚಿತು. ಎಳೆದು ನೋಡಿದ. ಗೋಧಿತೆನೆಯ ಮುಳ್ಳು, ತುದಿ ಸುಟ್ಟದ್ದು. ಅಂಗಳದಿಂದ ಹಾರಿಬಂದಿರಬೇಕು ಎಂದುಕೊಂಡು ಬಿಸಾಡಿದ. ಮತ್ತೆ ಕೆಮ್ಮು. ಈ ಸಲ ಎರಡು. ಅಲ್ಲಿಗೇ ಬಿಡಬಹುದಿತ್ತು. ಉಳಿದದ್ದು ಅಂಗೈಯಗಲ, ಕಣ್ಣುಗಳು ಮಾತ್ರ.

ಅವನು ಒರೆಸಿದ.

ಜೀರುಂಡೆಗಳು ನಿಂತವು. ಕೋಣೆಯಲ್ಲಿ ಸುಟ್ಟ ಕೂದಲಿನ ವಾಸನೆ. ಚಿತ್ರದ ಹೆಂಗಸಿಗೆ ರೆಪ್ಪೆ ಇರಲಿಲ್ಲ. ಅವಳು ಅವನನ್ನೇ ನೋಡಿದಳು. ಅವನ ಗಂಟಲು ತುಂಬಿತು. ಹೊಟ್ಟು. ಒಣ ಹೊಟ್ಟು. ಉಗಿದಷ್ಟೂ ಬಂತು. ಮೂಗು ಕಟ್ಟಿತು. ಕೊರಳು ಹಿಡಿದುಕೊಂಡು ನೆಲಕ್ಕೆ ಬಿದ್ದ. ಕಿವಿಯೊಳಗೆ, ತೀರಾ ಹತ್ತಿರದಲ್ಲಿ, ಬೆಂದ ತುಟಿಗಳ ಸಪ್ಪಳ.

"ಯಾರು?"

ಉಸಿರಿಲ್ಲ.

"ಯಾರು?"

ಅವನ ಕೈ ಎದ್ದಿತು. ಬೆರಳು ಚಾಚಿತು. ಕಿಟಕಿಯ ಕಡೆ, ನೀಲಿ ಮೇಲಂಗಿಯ ಕಡೆ.

ತೆಕ್ಲಾಗೆ ಅರ್ಥವಾಗಲಿಲ್ಲ. ತನ್ನ ಬೆನ್ನ ಹಿಂದೆ ಏನೋ ಇದೆ ಎಂದು ತೋರಿಸುತ್ತಿದ್ದಾನೆಂದುಕೊಂಡಳು. ಪಾಪ, ತಿರುಗಿ ನೋಡಿದಳು.

ಕನ್ನಡಿ ನೆಲಕ್ಕೆ ಬಿದ್ದು ಚೂರಾಯಿತು. ಫೆರಿಯೋಲನ ಎದೆಗೆ ಗಾಳಿ ನುಗ್ಗಿತು. ಸಿಹಿಯಾದ, ತಂಪಾದ ಗಾಳಿ. ಅವನು ಅದನ್ನು ಕುಡಿಯುತ್ತ ಬಿದ್ದಿದ್ದಾಗ ಹುಡುಗಿಯ ಹಿಮ್ಮಡಿಗಳು ನೆಲಕ್ಕೆ ಬಡಿಯುತ್ತಿದ್ದ ಸದ್ದು ಕೇಳುತ್ತಿತ್ತು. ಅವನು ತಲೆ ಎತ್ತಲಿಲ್ಲ. ಸದ್ದು ನಿಂತ ಮೇಲೆ ಎತ್ತಿದ.

ಕಿತೇರಿಯಾ ಮರಳಿದಾಗ ಅವನು ಇನ್ನೂ ನೆಲದ ಮೇಲೇ ಇದ್ದ. ಮುದುಕಿ ಅಳಲಿಲ್ಲ. ಚಿತ್ರಕ್ಕೆ ಬೆನ್ನು ಹಾಕಿ ಕೂತು, ಮೊಮ್ಮಗಳ ತಲೆಯನ್ನು ತೊಡೆಗೆಳೆದುಕೊಂಡು, ಅವಳ ಬಾಯಿಂದ ಹೊಟ್ಟನ್ನು ಚಿಟಿಕೆ ಚಿಟಿಕೆಯಾಗಿ ತೆಗೆಯತೊಡಗಿದಳು. ತೆಗೆದು ಮುಗಿಯಲಿಲ್ಲ.

"ನಾ... ನಾನು ಬೇಕಂತ..."

"ನನಗೇನೂ ಹೇಳ್ಬೇಡಿ. ಮುಚ್ಚಿ ಅದನ್ನ. ಮುಚ್ಚದಿದ್ರೆ ನಾಳೆ ಮತ್ತೆ ಕೇಳ್ತಾಳೆ. ಈ ಊರಲ್ಲಿ ಇನ್ನೂ ಮಕ್ಕಳಿದಾವೆ."

ಅವನು ಹಳದಿ ಕಲಸಿ ಕುಂಚ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು.

ಸಾನ್ಸಾಳ ಪಕ್ಕದಲ್ಲಿ ಇನ್ನೊಬ್ಬಳಿದ್ದಳು. ನೀಲಿ ಮೇಲಂಗಿ. ಮೊಣಕೈವರೆಗೂ ಹಿಟ್ಟು. ಬಣ್ಣ ಇನ್ನೂ ಹಸಿ. ಸುಟ್ಟ ಕೈಯೊಂದು ಅವಳ ಸೊಂಟವನ್ನು ಬಳಸಿ ಹಿಡಿದಿತ್ತು. ಅವಳ ಕಣ್ಣುಗಳು ಕುಂಚದ ತುದಿಯನ್ನು ನೋಡಿದವು, ಆಮೇಲೆ ಅವನನ್ನು, ಆಮೇಲೆ ಅವನಾಚೆ ಕೂತಿದ್ದ ಮುದುಕಿಯ ಬೆನ್ನನ್ನು. ತುಟಿಗಳು ಆಡಿದವು. ಸದ್ದಿಲ್ಲ. ಆದರೆ ಓದಬಹುದಿತ್ತು. ಅಜ್ಜೀ. ಅಜ್ಜೀ. ಅಜ್ಜೀ.

ಮುದುಕಿಯ ಬೆರಳುಗಳು ಹೊಟ್ಟಿನ ನಡುವೆ ನಿಂತವು. ಅವಳು ತಿರುಗದೆಯೇ ಕೇಳಿದಳು: "ಅಲ್ಲಿ ನನ್ನ ಹುಡುಗಿ ಇದಾಳಾ?"

ಫೆರಿಯೋಲ್ ಕುಂಚವನ್ನು ಹಳದಿಯಲ್ಲಿ ಅದ್ದಿದ.

"ಇಲ್ಲ" ಎಂದ.

ಅವನು ಮೊದಲು ಮುಚ್ಚಿದ್ದು ಅವಳ ಬಾಯಿಯನ್ನು.