ಕುದುರೆಬಾಕರು

“‘ಗುಡ್ಡದಾಚೆಯಿಂದ ಕುದುರೆಬಾಕರು ಬರುತ್ತಿದ್ದಾರೆ ಎಂದರೆ ಇಡೀ ರಾಜ್ಯವೇ ಗಡಗಡ ನಡುಗುತ್ತಿತ್ತು. ಆ ಕೆಂಪುಕಣ್ಣಿನ, ಕೋರೆಹಲ್ಲಿನ ಪಾಪಿಗಳು ಕುದುರೆಯನ್ನು ಕೊಂದು, ಬೇಯಿಸಿ, ಎಲುಬು ಚೀಪಿ ತಿನ್ನುತ್ತಿದ್ದರು.’”

ರೌಶನ್ ಟೀಚರ್ ಇಷ್ಟು ಓದಿ ತಲೆಯೆತ್ತಿದರು. ಮಕ್ಕಳು ಹೆದರಲಿ ಎಂದು ದನಿಯನ್ನು ಬೇರೆ ತಗ್ಗಿಸಿದ್ದರು.

“ಆಮೇಲೆ, ಟೀಚರ್?” ಎಂದ ಹಿಂದಿನ ಬೆಂಚಿನ ದೌಲೆತ್.

“ಆಮೇಲೇನು? ತಿಂತಿದ್ರು, ಅಷ್ಟೆ.”

“ಅಷ್ಟೇನಾ? ಹಾಗಾದ್ರೆ ನಮ್ಮಜ್ಜೀನೂ ವಿಲನ್ನೇ ಬಿಡಿ. ಹಲ್ಲಿಲ್ಲದ ವಿಲನ್ನು.”

ತರಗತಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ಕತೆ ಬರೆದವರು ಯಾವ ದೇಶದವರೋ ಏನೋ. ಚಳಿಗಾಲ ಬಂತೆಂದರೆ ಈ ಹಳ್ಳಿಯ ಯಾವ ಮನೆಯಲ್ಲಿ ಕುದುರೆ ಮಾಂಸ ಬೇಯುವುದಿಲ್ಲ? ಟೀಚರ್ ತಂದ ಡಬ್ಬಿಯಲ್ಲೂ ಅದೇ ಇತ್ತು. ಅವರು ಪುಸ್ತಕದಿಂದ ಮುಖ ಮುಚ್ಚಿಕೊಂಡು ನಕ್ಕರು.

ಎಲ್ಲರಿಗಿಂತ ಜೋರಾಗಿ ನಕ್ಕವಳು ಗೌಹರ್. “ಈ ಕುದುರೆಬಾಕರದ್ದು ಬರೀ ಬಿಲ್ಡಪ್ಪು, ಟೀಚರ್. ನಮ್ಮ ತಾತನ್ನ ನೋಡಿದ್ರೆ ಇವರೇ ಓಡ್ಹೋಗ್ತಾರೆ” ಎಂದಳು.

ಮನೆಗೆ ಬಂದಾಗ ತಾತ ಅಂಗಳದಲ್ಲಿ ಕೂತು ಚಾಕು ಮಸೆಯುತ್ತಿದ್ದ. ಗೌಹರ್ ಅಲ್ಲೇ ನಿಂತಳು.

“ನಾಳೇನಾ?”

“ನಾಳೆ. ಇಂಥ ಚಳಿ ಹಿಡೀತಲ್ಲ, ಇನ್ನು ಮಾಂಸ ಕೆಡಲ್ಲ.”

ಪ್ರತಿ ವರ್ಷವೂ ಹೀಗೇ. ಚಳಿಗಾಲದ ಊಟಕ್ಕೆಂದು ಸಂತೆಯಿಂದ ಒಂದು ಕುದುರೆ ತಂದು, ಮೂರು ತಿಂಗಳು ಕಟ್ಟಿ ಹಾಕಿ ಕೊಬ್ಬಿಸುತ್ತಾರೆ. ಈ ಸಲ ಅಪ್ಪ ದೂರದ ಗಣಿಗೆ ಕೆಲಸಕ್ಕೆ ಹೋಗಿದ್ದ. ಬಾರ್ಲಿ ತಿನ್ನಿಸುವ ಕೆಲಸ ಗೌಹರಳ ಪಾಲಿಗೆ ಬಂದಿತ್ತು. ಮೊದಲ ದಿನವೇ ತಾತ ಎಚ್ಚರಿಸಿದ್ದ. “ಬಕೆಟ್ಟಲ್ಲಿ ಹಾಕು. ಕೈಯಲ್ಲಿ ತಿನ್ನಿಸ್ಬೇಡ. ಹೆಸರು ಗಿಸರು ಇಡೋಕೆ ಹೋಗ್ಬೇಡ.”

ಬೇಡವೆಂದ ಎರಡನ್ನೂ ಗೌಹರ್ ಮಾಡಿದ್ದಳು. ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಬೌರ್ಸಾಕ್‌ನ ಹಾಗೆ ಅದರ ಮೈ ಕಂದು ಬಣ್ಣಕ್ಕೆ, ದುಂಡಗೆ ಇತ್ತು. ಹಾಗಾಗಿ ಅದನ್ನು ಗುಟ್ಟಾಗಿ ಬೌರ್ಸಾಕ್ ಎಂದೇ ಕರೆಯುತ್ತಿದ್ದಳು. ಅದು ಅವಳ ಅಂಗೈಯಿಂದ ಬಾರ್ಲಿ ತಿಂದು, ಕೊನೆಗೆ ಅಂಗೈಯನ್ನೂ ನೆಕ್ಕುತ್ತಿತ್ತು.

“ತಾತ, ಇವನು ಬೇಡ. ಬೇರೆ ಕುದುರೆ ತರೋಣ.”

“ಬೇರೆ ಕುದುರೆಗೆ ಜೀವ ಇಲ್ವೇನೆ, ನನ್ನ ಒಂಟೆಮರಿ?” ತಾತ ಚಾಕುವಿನಿಂದ ಕಣ್ಣು ತೆಗೆಯಲಿಲ್ಲ. “ಹಿಮ ಬಿದ್ದು ದಾರಿ ಮುಚ್ಚಿದ್ರೆ ಮಾರ್ಚ್ ತನಕ ಏನ್ ತಿನ್ನೋಣ?”

“ನಾನು ತಿನ್ನಲ್ಲ.”

“ನೀನು ತಿನ್ನಲ್ಲ. ನಿನ್ನ ತಮ್ಮಂದಿರು?”

ಗೌಹರ್ ಬಾರ್ಲಿ ಬಕೆಟ್ ಎತ್ತಿಕೊಂಡು ಲಾಯದ ಕಡೆ ನಡೆದಳು.

ಮರುದಿನ ಬೆಳಗ್ಗೆ ತಾತ ಚಹಾ ಕುಡಿಯುತ್ತಿದ್ದಾಗ ಅವಳು ಸದ್ದಿಲ್ಲದೆ ಲಾಯದ ಬಾಗಿಲು ತೆಗೆದಳು. ಬೌರ್ಸಾಕ್‌ನನ್ನು ಹುಲ್ಲಿನ ಬಣವೆ ದಾಟಿಸಿ ಬಯಲಿಗೆ ಕರೆದೊಯ್ದು, ಹಗ್ಗ ಬಿಚ್ಚಿ, ಬೆನ್ನಿಗೊಂದು ಬಾರಿಸಿದಳು.

“ಹೋಗೋ. ಓಡು.”

ಅದು ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿತು. ಗೌಹರ್ ಹಿಮದ ಉಂಡೆ ಮಾಡಿ ಎಸೆದಳು. ಅದು ಬೆಚ್ಚಿ ದೂರ ಓಡಿತು. ಸದ್ಯ ಬದುಕಿಕೊಂಡಿತು ಎಂದು ಅವಳು ಕಣ್ಣೊರೆಸಿಕೊಂಡು ಮನೆಯತ್ತ ಓಡಿದಳು.

ಬಣವೆಯ ಹತ್ತಿರ ಬಂದಾಗ ಬೆನ್ನ ಹಿಂದೆ ಹಿಮ ಕರಕರ ಎಂದಿತು. ಬೌರ್ಸಾಕ್ ಅವಳ ಹಿಂದೆಯೇ ಬರುತ್ತಿದ್ದ. ಬಾರ್ಲಿ ತಿನ್ನುವ ಹೊತ್ತಾಗಿತ್ತು. ಅವಳು ಜೋರಾಗಿ ಓಡಿದರೆ ಅವನೂ ಓಡಿದ. ಲಾಯದ ಬಾಗಿಲಲ್ಲಿ ಅವಳ ಕೈಗೆ ಮೂತಿ ಇಟ್ಟ. ಕೈಯಲ್ಲಿ ಬಾರ್ಲಿ ಇರಲಿಲ್ಲ. ಆದರೂ ನೆಕ್ಕಿದ.

ತಾತ ಅಲ್ಲೇ ನಿಂತಿದ್ದ. ಬೈಯಲಿಲ್ಲ. ಅವಳ ಕೈಯಿಂದ ಹಗ್ಗ ತೆಗೆದುಕೊಂಡು, “ಒಳಗೆ ಹೋಗು. ಟಿವಿ ಸೌಂಡ್ ಜಾಸ್ತಿ ಇಟ್ಕೋ” ಎಂದ.

ಗೌಹರ್ ಒಳಗೆ ಹೋದಳು, ಆದರೆ ಕಿಟಕಿಯ ಹತ್ತಿರವೇ ನಿಂತಳು. ತಾತ ಎರಡೂ ಅಂಗೈ ಬಿಚ್ಚಿ ಪ್ರಾರ್ಥನೆ ಮಾಡಿದ. ಕುದುರೆಯ ಹಣೆ ಸವರಿದ. ಪ್ರತಿ ವರ್ಷ ಹೇಳುವ ಮಾತನ್ನೇ ಹೇಳಿದ.

“ನಿನ್ನದೇನೂ ತಪ್ಪಿಲ್ಲ, ಬೌರ್ಸಾಕ್. ನಮಗೆ ಬೇರೆ ಊಟವಿಲ್ಲ.”

ಆ ಹೆಸರು ತಾತನಿಗೂ ಗೊತ್ತಿತ್ತು. ಗೌಹರ್ ಓಡಿ ಹೋಗಿ ಟಿವಿ ಸೌಂಡ್ ಪೂರ್ತಿ ಏರಿಸಿದಳು.

ಸಂಜೆ ಅಕ್ಕಪಕ್ಕದವರೆಲ್ಲ ಊಟಕ್ಕೆ ಬಂದರು. ಈರುಳ್ಳಿ ಹಾಕಿ ಹುರಿದ ಮಾಂಸ ದೊಡ್ಡ ತಟ್ಟೆಯಲ್ಲಿ ಹೊಗೆಯಾಡುತ್ತಿತ್ತು. ಹಿರಿಯರು ತಟ್ಟೆಯಿಂದ ಒಂದು ತುತ್ತು ತೆಗೆದು ಮಕ್ಕಳ ಬಾಯಿಗೆ ಇಡುವುದು ಅಲ್ಲಿನ ಪದ್ಧತಿ. ಪ್ರೀತಿಯ ತುತ್ತು ಅದು. ಬೇಡ ಎನ್ನುವ ಹಾಗಿಲ್ಲ. ತಮ್ಮಂದಿರು ಮರಿಹಕ್ಕಿಗಳಂತೆ ಬಾಯಿ ತೆರೆದು ತಿಂದರು. ಆಮೇಲೆ ತಾತನ ಕೈ ಗೌಹರಳ ಮುಂದೆ ಬಂದು ನಿಂತಿತು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

ಅವಳಿಗೆ ನಿನ್ನೆ ಟೀಚರ್ ಓದಿದ ಕುದುರೆಬಾಕರ ನೆನಪಾಯಿತು. ಅವರ ಕೆಂಪುಕಣ್ಣು, ಕೋರೆಹಲ್ಲುಗಳ ಬಗ್ಗೆ ಪುಸ್ತಕದಲ್ಲಿ ಇತ್ತು. ಅವರ ಮನೆಯೊಳಗೆ ಯಾರು ಅತ್ತರು, ಯಾರ ಕೈ ನಡುಗಿತು ಎಂದು ಒಂದು ಸಾಲೂ ಇರಲಿಲ್ಲ. ಆದರೆ ಬರೀ ಬಿಲ್ಡಪ್ಪು ಎಂದು ನಗಲು ಅವಳಿಗೆ ಈಗ ಮನಸ್ಸು ಬರಲಿಲ್ಲ. ಬೌರ್ಸಾಕ್ ಕೋರೆಹಲ್ಲು ಕಂಡಿದ್ದರೆ ಓಡಿಹೋಗುತ್ತಿದ್ದ. ಅವನು ಕಂಡದ್ದು ಬಾರ್ಲಿ ಕೊಡುವ ಪುಟ್ಟ ಕೈ. ಆ ಕೈಗೆ ಹೆದರಬೇಕು ಎಂದು ಅವನಿಗೆ ಯಾರು ಹೇಳಬೇಕಿತ್ತು?

“ಬಾಯಿ ತೆಗಿಯೇ. ತಾತನ ಕೈ ಕಾಯಿಸ್ತಾರಾ?” ಅಮ್ಮ ತಿವಿದಳು.

“ಬಿಡಮ್ಮಾ. ಇವತ್ತು ಅವಳಿಗೆ ಬೇಡ” ಎಂದು ತಾತ ಕೈ ಹಿಂದೆ ತೆಗೆದುಕೊಂಡ.

ಆಗ ಗೌಹರ್ ನೋಡಿದಳು. ತಾತ ಇನ್ನೂ ಒಂದು ಚೂರನ್ನೂ ಬಾಯಿಗೆ ಹಾಕಿರಲಿಲ್ಲ. ನಗುತ್ತಾ ತಿನ್ನುತ್ತಿದ್ದ ಅಷ್ಟು ಜನರ ನಡುವೆ ಅವನು ಒಬ್ಬಂಟಿಯಾಗಿದ್ದ.

ಅವಳು ಅವನ ಮಣಿಕಟ್ಟು ಹಿಡಿದು ಹತ್ತಿರ ಎಳೆದುಕೊಂಡು ಬಾಯಿ ತೆರೆದಳು.

ಮಾಂಸ ಮೆತ್ತಗೆ ಬೆಂದಿತ್ತು. ತುಂಬ ರುಚಿಯಾಗಿತ್ತು. ಅದಕ್ಕೇ ಅವಳಿಗೆ ಅಳು ಬಂದುಬಿಟ್ಟಿತು.