ಚನ್ನೇಶನ ಎದೆಯ ಫಿಲ್ಮು

ಸೋಮವಾರ ಬೆಳಿಗ್ಗೆ ಸಿದ್ದಬಸಪ್ಪನವರು ಲಿಂಗಪೂಜೆ ಮುಗಿಸಿ ಏಳುವಷ್ಟರಲ್ಲಿ ಹಳೇಬೀಡಿನಿಂದ ಫೋನು ಬಂತು. ತಂಗಿಯ ಕಿರಿಮಗ ಚನ್ನೇಶನ ಹೆಂಡತಿ ಭಾಗ್ಯ.

"ಮಾವ, ಇವರು ಹೋಗ್ಬಿಟ್ರಂತೆ. ಇಂಗ್ಲೆಂಡಿನ ಆಸ್ಪತ್ರೆಯವರು ಹೇಳಿದ್ರು. ಎದೇಲಿ ಕ್ಷಯ ಇತ್ತಂತೆ. ಹಳೇದಂತೆ."

ಸಿದ್ದಬಸಪ್ಪನವರು ಅಲ್ಲೇ ಕುಳಿತರು. ಮೂವತ್ತೊಂದು ವರ್ಷ ಆಸ್ಪತ್ರೆಗಳಲ್ಲಿ ಎಕ್ಸ್‌ರೇ ತೆಗೆದ ಮನುಷ್ಯ. ಕ್ಷಯ ಇದ್ದವರಿಗೆ ಆ ದೇಶ ಕೆಲಸದ ವೀಸಾ ಕೊಡುವುದಿಲ್ಲವೆಂದು ಅವರಿಗೆ ಗೊತ್ತು. ಚನ್ನೇಶ ಹೊರಟು ಇನ್ನೂ ಆರು ತಿಂಗಳು ತುಂಬಿರಲಿಲ್ಲ. ಹೊರಡುವ ಮುನ್ನ ಅವನ ಎದೆ ಶುದ್ಧವಾಗಿದೆಯೆಂದು ಸರ್ಟಿಫಿಕೇಟ್ ಬಂದಿತ್ತು.

ಹಾಗಾದರೆ ಆ ಸರ್ಟಿಫಿಕೇಟ್ ಎಲ್ಲಿಂದ ಬಂತು?

* * *

ಹನ್ನೆರಡು ದಿನದ ಮೇಲೆ ಶವದ ಪೆಟ್ಟಿಗೆ ಬಂತು. ಹಳೇಬೀಡಿನ ಹೊಲದಲ್ಲಿ ಸಮಾಧಿ ತೋಡಿದ್ದರು. ಚನ್ನೇಶನ ಅಂಗೈಯಲ್ಲಿ ಲಿಂಗವಿಡುವ ಹೊತ್ತಿಗೆ ಭಾಗ್ಯ ಅದನ್ನು ಮನೆಯ ದೇವರ ಗೂಡಿನಿಂದ ತಂದುಕೊಟ್ಟಳು.

"ಹಾಸನದಲ್ಲಿ ಐಸಿಯು ನರ್ಸ್ ಆದಾಗಿಂದ ಕೊರಳಿಗೆ ಹಾಕ್ತಿರ್ಲಿಲ್ಲ ಮಾವ. ಮೂರು ವರ್ಷ ಆಯ್ತು. ನಿಮಗೆ ಹೇಳ್ಬೇಡ ಅಂದಿದ್ರು. ಬೈತೀರಿ ಅಂತ."

ಬೈಯುತ್ತಿದ್ದುದು ನಿಜ. ಸಿದ್ದಬಸಪ್ಪನವರು ತಲೆ ತಗ್ಗಿಸಿದರು.

ಚನ್ನೇಶನ ಅಣ್ಣ ಇಂದುಧರ ಹಿಡಿಮಣ್ಣು ಹಾಕಲು ಬಗ್ಗಿದ. ಎರಡೇ ವರ್ಷದ ಅಂತರ. ಅದೇ ಮೂಗು, ಅದೇ ಗಡ್ಡ. ಅವನ ಕೊರಳಿನ ಬೆಳ್ಳಿ ಕರಡಿಗೆ, ಲಿಂಗವಿರುವ ಆ ಪುಟ್ಟ ಡಬ್ಬಿ, ಅಂಗಿಯಿಂದಾಚೆ ಜೋಲಿತು. ಒಂದು ಪಕ್ಕದ ಕೊಂಡಿ ಮುರಿದಿತ್ತು. ತಾಮ್ರದ ತಂತಿ ಸುತ್ತಿ ಗಂಟು ಹಾಕಿದ್ದ.

"ನಾಳಿದ್ದು ಹಾಲು ತುಪ್ಪ ಬಿಟ್ಟ ಮೇಲೆ ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ," ಎಂದಳು ಭಾಗ್ಯ. "ಅರಸೀಕೆರೆ ಏಜೆಂಟ್ ರವಿಕುಮಾರ್ ಮೇಲೆ ಕಂಪ್ಲೇಂಟ್. ಸುಳ್ಳು ಸರ್ಟಿಫಿಕೇಟ್ ಮಾಡ್ಸಿ ಕೊಂದಿರೋನು ಅವನೇ. ಐದು ವರ್ಷ ದುಡಿದ್ರೆ ಅಲ್ಲೇ ಕಾಯಂ ಆಗ್ಬಹುದು ಅಂತ ಆಸೆ ಹತ್ತಿಸಿದ್ದೂ ಅವನೇ."

ಇಂದುಧರ ಕರಡಿಗೆಯನ್ನು ಅಂಗಿಯೊಳಗೆ ಸೇರಿಸಿಕೊಂಡ.

"ಅಷ್ಟರೊಳಗೆ ನಾನೊಂದು ಸಲ ನೋಡಿ ಬತ್ತೀನಿ ಕಣವ್ವ," ಎಂದರು ಸಿದ್ದಬಸಪ್ಪ. "ಅವನ ಕಾಗದದ ಫೈಲು ಕೊಡು."

* * *

ಅರಸೀಕೆರೆ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ರವಿಕುಮಾರನ ಆಫೀಸು. ತಲೆಯೆತ್ತದೆಯೇ ಅಂದ: "ಏನ್ ಯಜಮಾನ್ರೆ, ಈ ವಯಸ್ಸಲ್ಲಿ ಫಾರಿನ್ನಾ?"

"ಚನ್ನೇಶನ ಸೋದರಮಾವ."

ರವಿಕುಮಾರ್ ಎದ್ದು ನಿಂತ. ಮುಖ ಬಾಡಿತು.

"ನನ್ ಮೇಲೆ ಕಂಪ್ಲೇಂಟ್ ಅಂತಲ್ಲ ಸಾರ್. ನೋಡಿ, ಸರ್ಟಿಫಿಕೇಟ್ ನಂಬರ್ ಹಾಕ್ತೀನಿ, ನೀವೇ ಓದಿ."

ಕಂಪ್ಯೂಟರಿನಲ್ಲಿ ಸರ್ಟಿಫಿಕೇಟ್ ಬಂತು. ಅಸಲಿ. ಬೆಂಗಳೂರಿನ ಕ್ಲಿನಿಕ್ಕಿನದು. ದಿನಾಂಕ ಜನವರಿ ಇಪ್ಪತ್ತೆಂಟು. ಅದರ ಮೇಲಿನ ಫೋಟೋದಲ್ಲಿ ಅದೇ ಮೂಗು, ಅದೇ ಗಡ್ಡ.

"ಅಲ್ಲೇ ಫೋಟೋ ಹಿಡೀತಾರೆ, ಅಲ್ಲೇ ಎಕ್ಸ್‌ರೇ ತೆಗೀತಾರೆ. ನಾನು ಕೈಯೂ ಹಾಕಂಗಿಲ್ಲ. ಏಜೆಂಟ್ ಅಂದ್ರೆ ಕಳ್ಳ ಅಂತ ಹಣೇಲೇ ಬರ್ದಿರ್ತಾರೆ ಸಾರ್, ಏನ್ಮಾಡ್ಲಿ?"

"ಆವತ್ತು ನೀನು ಜೊತೆಗೆ ಹೋಗಿದ್ಯಾ?"

"ಬತ್ತೀನಿ ಅಂದೆ. ಬೇಡ, ಅಣ್ಣ ಬತ್ತಾನೆ ಅಂದ."

ಸಿದ್ದಬಸಪ್ಪನವರು ಫೈಲು ಮಡಚಿಕೊಂಡು ಬೇಲೂರಿನ ಬಸ್ಸು ಹತ್ತಿದರು.

* * *

ಬೇಲೂರಿನಲ್ಲಿ ಶಶಿಧರನ ಲ್ಯಾಬು. ಸಿದ್ದಬಸಪ್ಪನವರ ಕೈಕೆಳಗೇ ಕೆಲಸ ಕಲಿತವನು ಅವನು. ಚನ್ನೇಶನಿಗೂ ಸ್ನೇಹಿತ. ಗುಟ್ಟಾಗಿ ಪರೀಕ್ಷೆ ಮಾಡಿಸಿದ್ದರೆ ಇಲ್ಲೇ ಮಾಡಿಸಿರಬೇಕು.

"ಬಂದಿದ್ನಾ?"

ಶಶಿಧರ್ ಎದ್ದು ಬಾಗಿಲು ಮುಂದೆ ಮಾಡಿದ. ಆಮೇಲೆ ಬೀರುವಿನಿಂದ ಒಂದು ಕವರು ತೆಗೆದ.

"ಜನವರಿ ಹನ್ನೆರಡು, ಗುರುಗಳೇ. ಕ್ಲಿನಿಕ್ಕಿಗೆ ಹೋಗೋಕೆ ಮೊದಲೇ ಒಂದು ಸಲ ನೋಡ್ಬಿಡು ಅಂತ ಬಂದ. ಬಲಗಡೆ ಮೇಲೆ ನೆರಳಿತ್ತು. ಕಫ ಪರೀಕ್ಷೇಲೂ ಬಂತು. ಆರು ತಿಂಗಳು ಮಾತ್ರೆ, ವಾಸಿಯಾಗುತ್ತೆ, ಆಮೇಲೆ ಹೋಗು ಅಂದೆ. ಹೂಂ ಅಂದ. ಮಾತ್ರೇನೂ ಶುರು ಮಾಡ್ದ. ಮಾವನಿಗೆ ಹೇಳ್ಬೇಡ ಅಂದ."

ಸಿದ್ದಬಸಪ್ಪನವರು ಫೈಲಿನಲ್ಲಿದ್ದ ಬೆಂಗಳೂರು ಕ್ಲಿನಿಕ್ಕಿನ ಫಿಲ್ಮನ್ನು ಅದರ ಪಕ್ಕದಲ್ಲೇ ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಎರಡಕ್ಕೂ ನಡುವೆ ಹದಿನಾರು ದಿನ. ಒಂದರಲ್ಲಿ ನೆರಳು, ಇನ್ನೊಂದರಲ್ಲಿ ಎದೆಯ ಮೇಲೆ ಚುಕ್ಕಿಯಷ್ಟೂ ಕಲೆಯಿಲ್ಲ.

"ಹದಿನಾರು ದಿನಕ್ಕೆ ಇಷ್ಟು ವಾಸಿಯಾಗಲ್ಲ," ಎಂದ ಶಶಿಧರ್.

ಸಿದ್ದಬಸಪ್ಪನವರ ಕಣ್ಣು ಬೆಂಗಳೂರಿನ ಫಿಲ್ಮಿನ ಮೇಲಂಚಿನಲ್ಲಿ, ಕೊರಳ ಬುಡದಲ್ಲಿ ನೆಟ್ಟಿತ್ತು. ಅಲ್ಲೊಂದು ದುಂಡನೆಯ ಅಚ್ಚ ಬಿಳಿ ಗುರುತು. ಬೆಳ್ಳಿಯ ಗುರುತು. ಅದರ ಒಂದು ಪಕ್ಕದಲ್ಲಿ ಕೂದಲೆಳೆಯಂಥ ತಂತಿ, ಮೂರು ಸುತ್ತು.

"ಗುರುಗಳೇ, ಇದು ನೀವು ಕಲಿಸಿದ್ದೇ ಅಲ್ವಾ?"

ಹೌದು. ಲಿಂಗ ತೆಗೆಯಲು ಒಪ್ಪದ ರೋಗಿಗಳಿಗೆಲ್ಲ ಅವರೇ ಹೇಳಿಕೊಡುತ್ತಿದ್ದರು: ಕರಡಿಗೆಯನ್ನು ಗಲ್ಲದ ಕೆಳಗೆ ಎತ್ತಿ ಕಟ್ಟಿಕೊಳ್ಳಿ, ಎದೆಗೆ ಅಡ್ಡ ಬರುವುದಿಲ್ಲ.

ಅವರು ದೀಪ ಆರಿಸಿದರು. ಎರಡು ಫಿಲ್ಮನ್ನೂ ಫೈಲಿಗೆ ಸೇರಿಸಿಕೊಂಡರು.

* * *

ಮೂರನೆಯ ದಿನ ಬೆಳಿಗ್ಗೆ ಸಮಾಧಿಯ ಮೇಲೆ ಹಾಲು ತುಪ್ಪ ಬಿಟ್ಟರು. ನೆಂಟರು ಮನೆಯ ಕಡೆ ನಡೆದರು. ಉಳಿದವರು ಮೂವರೇ. ಭಾಗ್ಯಳ ಕೈಯಲ್ಲಿ ಬರೆದಿಟ್ಟ ಕಂಪ್ಲೇಂಟ್ ಇತ್ತು.

"ರವಿಕುಮಾರ್ ತಪ್ಪು ಮಾಡಿಲ್ಲ ಕಣವ್ವ," ಎಂದರು ಸಿದ್ದಬಸಪ್ಪ. "ಸರ್ಟಿಫಿಕೇಟ್ ಅಸಲಿ. ಎದೆ ಬೇರೆಯವರದು." ಫಿಲ್ಮನ್ನು ಬಿಸಿಲಿಗೆ ಹಿಡಿದರು. "ಈ ಬಿಳೀದು ಕರಡಿಗೆ. ಚನ್ನೇಶನ ಲಿಂಗ ಮೂರು ವರ್ಷದಿಂದ ಗೂಡಿನಲ್ಲಿತ್ತು ಅಂತ ನೀನೇ ಹೇಳಿದೆ. ಹಂಗಾರೆ ಕ್ಲಿನಿಕ್ಕಿನಲ್ಲಿ ನಿಂತವನು ಚನ್ನೇಶ ಅಲ್ಲ. ಅವನ ಹಂಗೇ ಕಾಣೋನು, ಲಿಂಗ ತೆಗೆಯೋಕೆ ಮನಸ್ಸು ಬಾರದೋನು, ಕೊಂಡಿಗೆ ತಂತಿ ಸುತ್ತಿರೋನು." ದನಿ ತಗ್ಗಿತು. "ಇಂದುಧರ, ಅಂಗಿ ಗುಂಡಿ ಬಿಚ್ಚಪ್ಪ."

ಇಂದುಧರ ಬಿಚ್ಚಲಿಲ್ಲ. ಹಸಿ ಮಣ್ಣಿನ ಮೇಲೆ ಕುಸಿದು ಕುಳಿತ.

"ಕಾಲು ಹಿಡ್ಕೊಂಡ ಮಾವ. ಆರು ತಿಂಗಳು ಕಾದ್ರೆ ಈ ಕೆಲಸ ಬೇರೆಯವರ ಪಾಲಾಗುತ್ತೆ, ಒಂದು ದಿನ ನನ್ನ ಪಾಸ್‌ಪೋರ್ಟ್ ಹಿಡ್ಕೊಂಡು ನಿಂತ್ಕೊ ಅಂದ. ನರ್ಸ್ ಅಲ್ವಾ, ಅವನಿಗೆ ಗೊತ್ತಿರುತ್ತೆ ಅಂದ್ಕೊಂಡೆ. ಕೊರಳಿಂದ ಎಲ್ಲಾ ತೆಗೀರಿ ಅಂದ್ರು. ಲಿಂಗ ಹೆಂಗ್ ತೆಗೀಲಿ? ನೀವು ಹೇಳಿಕೊಟ್ಟಂಗೆ ಎತ್ತಿ ಕಟ್ಕೊಂಡೆ."

"ಮಾತ್ರೆ?"

"ಎರಡು ತಿಂಗಳದು ಒಯ್ದ. ಮುಗಿದ ಮೇಲೆ ಅಲ್ಲಿ ಕೇಳೋಕೆ ಹೆದರ್ದ. ಕಾಯಿಲೆ ಗೊತ್ತಾದ್ರೆ ವಾಪಸ್ ಕಳಿಸ್ತಾರೆ ಅಂದ. ಕೆಮ್ಮು ಕಮ್ಮಿ ಆಗೈತೆ ಅಂತಿದ್ದ. ನಂಬ್ದೆ."

ಭಾಗ್ಯ ಅಳಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಚಿದಳು.

"ಐದು ವರ್ಷ ಕಾಯೋಕೆ ಒಪ್ಪಿದ್ದೆ ಭಾವ," ಎಂದಳು. "ಆರು ತಿಂಗಳು ಕಾಯ್ತಿರ್ಲಿಲ್ವಾ?"

ಇಂದುಧರ ಎದ್ದು ಮೈಮೇಲಿನ ಮಣ್ಣನ್ನೂ ಕೊಡವದೆ ಪೊಲೀಸ್ ಸ್ಟೇಷನ್ನಿನ ದಾರಿ ಹಿಡಿದ. ಅವನನ್ನು ಯಾರೂ ಕರೆಯಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಭಾಗ್ಯ ಹೊರಟಳು.

ಸಿದ್ದಬಸಪ್ಪನವರು ಒಬ್ಬರೇ ಉಳಿದರು. ಗೂಡಿನ ಲಿಂಗದ ವಿಷಯವನ್ನೂ ಎದೆಯ ನೆರಳಿನ ವಿಷಯವನ್ನೂ ಚನ್ನೇಶ ತಮಗೆ ಹೇಳದಂತೆ ಮಾಡಿದ್ದು ತಮ್ಮ ಬೈಗುಳದ ಭಯವೇ. ಅದು ಯಾವ ಫಿಲ್ಮಿನಲ್ಲೂ ಕಾಣುವುದಿಲ್ಲ. ಅವರು ತಮ್ಮ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚಿದರು.

ಶಿವನೇ, ದೂರದ ಊರಿನಲ್ಲಿ ನೆಲೆ ಹುಡುಕಿಕೊಂಡು ಹೋದ ಮಗು ಇವನು. ಉಸಿರಿಗಾಗಿ ಬಹಳ ಒದ್ದಾಡಿದ್ದಾನೆ. ಯಾವ ಕಾಗದವನ್ನೂ ಕೇಳದೆ ನಿನ್ನ ಮನೆಯೊಳಗೆ ಕರೆದುಕೋ. ಅಲ್ಲಿ ಅವನು ಶಾಂತವಾಗಿರಲಿ.