ಎಲೋಯ್‌ನ ಪಿಕಪ್ಪಿನ ಹಿಂಬದಿ ಆಕ್ಸಲ್

ಅಕ್ಟೋಬರ್ ಹದಿನಾಲ್ಕು, ಸೋಮವಾರ, ಬೆಳಿಗ್ಗೆ ಏಳು ಹತ್ತು. ಲಾ ಸೆಹಾ ಠಾಣೆಗೆ ಫೋನ್ ಮಾಡಿದವನು ಸೌದೆ ಡಿಪೋದ ಎಲೋಯ್ ಅರ್ಚುಲೆಟಾ. ಅವನ ಪಿಕಪ್ಪಿನ ಹಿಂಬದಿ ಆಕ್ಸಲ್ಲನ್ನೂ ಎಂಜಿನ್ನಿನಿಂದ ಅದನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟನ್ನೂ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಇನ್‌ಸ್ಪೆಕ್ಟರ್ ಕೊರೀನಾ ಮಾಯೆಸ್ ಎಫ್‌ಐಆರ್ ದಾಖಲಿಸಿದಳು. ಎಲೋಯ್‌ನ ಹೆಸರು ಕೇಳಿದರೇ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಸೆಪ್ಟೆಂಬರ್ ಇಪ್ಪತ್ತರಂದು ಇದೇ ಗಾಡಿಯ ಡ್ರೈವರ್ ಆರ್ಸೆನಿಯೊ ಬೆಟ್ಟ ಇಳಿಯುವಾಗ ಸತ್ತಿದ್ದ. ಸೌದೆ ತುಂಬಿದ ಟ್ರೈಲರ್ ಹಿಂದಿನಿಂದ ನೂಕಿ, ಗಾಡಿಯ ಬಾಗಿಲನ್ನು ಬಂಡೆಗೆ ಅಪ್ಪಳಿಸಿತ್ತು. ಅವನು ಜೋರಾಗಿ ಓಡಿಸುತ್ತಿದ್ದ ಎಂದು ಎಲೋಯ್ ಹೇಳಿಕೆ ಕೊಟ್ಟ. 'ಚಾಲಕನ ಅಜಾಗರೂಕತೆ' ಎಂದು ಬರೆದು ಫೈಲು ಮುಚ್ಚಿದವಳು ಕೊರೀನಾಳೇ. ಆ ರಸ್ತೆಯಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿದವನ ಮೇಲೆ ಹಾಗೆ ಬರೆದ ತನ್ನ ಕೈಯನ್ನೇ ಅವಳು ಮೂರು ವಾರದಿಂದ ಶಪಿಸುತ್ತಿದ್ದಳು.

ಎಂಟು ಗಂಟೆಗೆ ಪಂಚನಾಮೆ. ನೀಲಿ ಪಿಕಪ್ಪಿಗೆ ಆಗಲೇ ಹೊಸ ಬಿಳಿ ಬಾಗಿಲು ಬಂದಿತ್ತು. ಹಿಂಭಾಗವನ್ನು ಮರದ ದಿಮ್ಮಿಗಳ ಮೇಲೆ ಸಮನಾಗಿ ಕೂರಿಸಲಾಗಿತ್ತು. ಬೋಲ್ಟುಗಳು ಕಾಫಿ ಡಬ್ಬದಲ್ಲಿದ್ದವು, ಬ್ರೇಕ್ ಪೈಪಿನ ಬಾಯಿಗೆ ರಬ್ಬರ್ ಬಿರಡೆ ಹಾಕಲಾಗಿತ್ತು. ನೆಲದ ಮೇಲೆ ಒಂದು ತೊಟ್ಟು ಆಯಿಲ್ ಬಿದ್ದಿರಲಿಲ್ಲ.

"ಇವ್ನು ಕದಿಯೋಕೆ ಬಂದಿದ್ನೋ, ಸರ್ವೀಸ್ ಮಾಡೋಕೋ ಮೇಡಂ?" ಎಂದ ಕಾನ್‌ಸ್ಟೆಬಲ್ ಡೆಲ್ಫಿನೊ.

"ನಗೋ ಮಾತಲ್ಲ ಇದು!" ಎಲೋಯ್ ಕೂಗಿದ. "ನಾಳೆ ಹೊಸ ಡ್ರೈವರ್ ಬರ್ತಾನೆ. ಬೆಟ್ಟದ ಮೇಲೆ ನಂದು ನಾಲ್ಕು ಲೋಡು ಬಿದ್ದಿದೆ."

"ಅದೇ ಟ್ರೈಲರ್‌ನಲ್ಲಾ?" ಕೊರೀನಾ ಕೇಳಿದಳು.

"ಮತ್ತೇನು, ಹೆಗಲ ಮೇಲೆ ಹೊತ್ಕೊಂಡು ಬರ್ಲಾ?"

"ಈ ಆಕ್ಸಲ್ ಹಾಕಿದ್ದು ಯಾರು?"

"ಬೆನಿಗ್ನೊ ಮುದುಕ. ಏಪ್ರಿಲಲ್ಲಿ. ಹಳೇದು ಭಾರ ತಡೀತಿರ್ಲಿಲ್ಲ, ದೊಡ್ಡ ಗಾಡೀದು ಶಾಫ್ಟ್ ಸಮೇತ ತಂದು ಕೂರಿಸ್ದ."

ಹನ್ನೊಂದೂವರೆಗೆ ಕೊರೀನಾ, ಡೆಲ್ಫಿನೊ ಇಬ್ಬರೂ ಬೆನಿಗ್ನೊ ಕಾಸಿಯಾಸ್‌ನ ಶೆಡ್ಡಿಗೆ ಹೋದರು. ಹುಡುಕುವ ಕೆಲಸವೇ ಇರಲಿಲ್ಲ. ಆಕ್ಸಲ್ಲೂ ಶಾಫ್ಟೂ ಬಾಗಿಲ ಎದುರಿಗೇ, ಒರೆಸಿಟ್ಟ ಹಾಗೆ ಮೇಜಿನ ಮೇಲಿದ್ದವು. ಮುದುಕ ಪಕ್ಕದಲ್ಲಿ ಕೂತು ಹಸಿಮೆಣಸಿನ ಸಾರಿಗೆ ರೊಟ್ಟಿ ಅದ್ದಿ ತಿನ್ನುತ್ತಿದ್ದ.

"ಬೆಳಿಗ್ಗೆಯಿಂದ ಕಾಯ್ತಿದೀನಿ ಮಗಳೇ. ಇಷ್ಟು ಹೊತ್ತಾ?"

"ನೀವೇ ತಗೊಂಡ್ರಾ ಮಾಮ?"

"ನಾನೇ. ಹೆಡ್ಡಿಂಗ್ ಹಾಕಿ ಬರ್ಕೋ."

"ಯಾಕೆ?"

ಅವನು ಜೇಬಿನಿಂದ ಮಡಿಸಿದ ಚೀಟಿ ತೆಗೆದ. ಏಪ್ರಿಲ್ ಒಂಬತ್ತನೇ ತಾರೀಖಿನ ಕೆಲಸದ ಚೀಟಿ: 'ಟ್ರೈಲರ್‌ಗೆ ಬ್ರೇಕ್ ಇಲ್ಲ. ಹಾಕಿಸದೆ ಓಡಿಸಬೇಡಿ ಎಂದು ಹೇಳಿದೆ. ಬೇಡವೆಂದರು.' ಕೆಳಗೆ ಎಲೋಯ್‌ನ ಸಹಿ.

ಕೊರೀನಾ ಚೀಟಿಯನ್ನು ಎರಡು ಸಲ ಓದಿದಳು. "ಇದನ್ನ ಆಗ್ಲೇ ಯಾಕೆ ತೋರಿಸ್ಲಿಲ್ಲ?"

"ತಂದಿದ್ದೆ ಕಣಮ್ಮ. ಫೈಲು ಮುಚ್ಚಿದೆ, ಮನೇಗೆ ಹೋಗಿ ಅಂದ್ರು ನಿಮ್ಮೋರು. ಮುಚ್ಚಿದೋಳು ನೀನೇ ಅಂತೆ."

ಅವಳಿಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಬೈಯಲು ತನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಡೆಲ್ಫಿನೊ ಬೂಟು ನೋಡುತ್ತ ನಿಂತ.

"ಆಕ್ಸಲ್ಲು ಎಷ್ಟು ದಿನ ನಿಮ್ ಹತ್ರ ಇರುತ್ತೆ?" ಬೆನಿಗ್ನೊ ಕೇಳಿದ. "ಇಂಥದ್ದು ಇನ್ನೊಂದು ಸಿಗೋದು ಕಷ್ಟ. ಕೂರ್ಸೋಕೆ ಬರೋನು ಈ ಜಿಲ್ಲೇಲಿ ನಾನೊಬ್ನೇ."

ಹನ್ನೆರಡು ಐದಕ್ಕೆ ಬಂಧನ. ಬೇಡಿ ಹಾಕಲಿಲ್ಲ. ಮಾಲು ಜಪ್ತಿಯಾಯಿತು.

ಎರಡು ಗಂಟೆಗೆ ಎಲೋಯ್ ಠಾಣೆಗೆ ನುಗ್ಗಿದ. "ಸಿಕ್ತಲ್ಲ! ಕೊಡಿ, ಇವತ್ತೇ ಹಾಕಿಸ್ತೀನಿ."

"ಅದು ಮುದ್ದೆಮಾಲು. ಕೇಸು ಮುಗಿಯೋವರೆಗೂ ಇಲ್ಲಿಂದ ಅಲ್ಲಾಡಲ್ಲ."

"ಯಾವಾಗ ಮುಗಿಯುತ್ತೆ?"

"ನಿಮ್ಮ ಅವಸರಕ್ಕೆ ಕೋರ್ಟು ಕುಣಿಯಲ್ಲ. ಕೂತ್ಕೊಳ್ಳಿ, ಸೆಪ್ಟೆಂಬರ್ ಇಪ್ಪತ್ತರ ಬಗ್ಗೆ ಮತ್ತೆ ಮಾತಾಡ್ಬೇಕು." ಅವಳು ಚೀಟಿಯನ್ನು ಅವನ ಮುಂದಿಟ್ಟಳು. "ಈ ಸಹಿ ನಿಮ್ದೇನಾ?"

ಎಲೋಯ್ ವಕೀಲರನ್ನು ಕರೆಸುತ್ತೇನೆಂದು ಕೂಗಾಡಿದ. ಕರೆಸಿ ಎಂದಳು ಕೊರೀನಾ. ತಾನು ಮುಚ್ಚಿದ ಫೈಲನ್ನು ತಾನೇ ಹೊರಗೆ ತೆಗೆದು, ತಪ್ಪು ಬರೆದವಳು ತಾನೆಂದು ಮೊದಲ ಸಾಲಿನಲ್ಲೇ ದಾಖಲಿಸಿದಳು.

ಸಂಜೆ ಬೆನಿಗ್ನೊನ ಹೇಳಿಕೆ ತೆಗೆದುಕೊಂಡಳು. ಕದ್ದದ್ದಕ್ಕೆ ಅವನು ಕ್ಷಮೆ ಕೇಳಲಿಲ್ಲ. ಕೊನೆಯಲ್ಲಿ ಅವನು ಹೇಳಿದ್ದು ಇಷ್ಟೇ: "ಮೊದ್ಲೆಲ್ಲ ಭಾರ ಜಾಸ್ತಿ ಆದ್ರೆ ಶಾಫ್ಟು ಕಾಡಲ್ಲೇ ಮುರ್ಕೊಂಡು ಬೀಳ್ತಿತ್ತು. ಆರ್ಸೆನಿಯೊ ಬೈಕೊಂಡು ನಡ್ಕೊಂಡು ಮನೇಗ್ ಬರ್ತಿದ್ದ. ಮುರೀದ ಹಾಗೆ ಮಾಡಿಕೊಟ್ಟೋನು ನಾನು."